ಅವರೆಕಾಯಿ ಬಿಡಿಸುವ ಶನಿವಾರಗಳು

ಹಾಸ್ಟೆಲಿನ ಖರ್ಚಿನ ಪುಸ್ತಕದಲ್ಲಿ 'ಅವರೆಕಾಯಿ, 20 ಕೆ.ಜಿ.' ಎಂದಿರುವುದನ್ನು ಕಂಡು ತಪಾಸಣೆಗೆ ಬಂದವರೊಬ್ಬರು, "ಬಿಡಿಸಿದ ಕಾಳನ್ನೇ ತಂದರೆ ಆಗುವುದಿಲ್ಲವೇ?" ಎಂದು ಕೇಳಿದ್ದರು. ಆಗುತ್ತದೆ. ದುಡ್ಡಿನಲ್ಲಿ ಅಂಥ ವ್ಯತ್ಯಾಸವೂ ಇಲ್ಲ. ಆದರೆ ನನಗೆ ಬೇಕಾಗಿದ್ದದ್ದು ಸಿಪ್ಪೆ.

ತುಮಕೂರು ಜಿಲ್ಲೆಯಲ್ಲಿ ಪಿಯು ಹುಡುಗರ ವಾರ್ಡನ್ ಆಗಿ ಹತ್ತು ಹನ್ನೊಂದು ವರ್ಷವಾಯಿತು. ಎಪ್ಪತ್ತು ಎಂಬತ್ತು ಹುಡುಗರು. ಮನಸ್ಸು ಕುಗ್ಗಿದ ಹುಡುಗನಲ್ಲಿ ಯಾವ ಲಕ್ಷಣಗಳನ್ನು ಗಮನಿಸಬೇಕು ಎಂಬುದನ್ನು ಈ ಕೆಲಸದಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ, ತರಬೇತಿಯ ಕೈಪಿಡಿ ಎಲ್ಲರ ಬೀರುವಿನಲ್ಲೂ ಇದೆ. ಲಕ್ಷಣ ಕಂಡ ಮೇಲೆಯೇ ಕಷ್ಟ. "ಏನಾಯಿತಪ್ಪಾ?" ಎಂದರೆ "ಏನಿಲ್ಲ ಸರ್."

ಮೊದಲು ಸಲಹಾ ಪೆಟ್ಟಿಗೆ ಇಟ್ಟೆ. ಬೀಗವೂ ಸೇರಿ 600 ರೂಪಾಯಿ. ವರ್ಷಕ್ಕೆ ಬಂದದ್ದು ಹದಿನೈದೋ ಹದಿನಾರೋ ಚೀಟಿ. ಅರ್ಧ ಸಾಂಬಾರಿನ ಮೇಲೆ, ಉಳಿದರ್ಧ ನನ್ನ ಮೇಲೆ. ಆಮೇಲೆ ಆಪ್ತ ಸಮಾಲೋಚನಾ ಕೊಠಡಿ. ಸುಣ್ಣಬಣ್ಣ, ಕುರ್ಚಿ, ಬೋರ್ಡು ಎಂದು 9,000ದ ಹತ್ತಿರ ಹೋಯಿತು. ಅದರ ಬಾಗಿಲು ಊಟದ ಹಾಲಿಗೆ ಎದುರಾಗಿತ್ತು. ಎಲ್ಲರೂ ತಟ್ಟೆ ಹಿಡಿದು ನೋಡುತ್ತಿರುವಾಗ ಯಾವ ಹುಡುಗ ಒಳಗೆ ಕಾಲಿಡುತ್ತಾನೆ? ಈಗ ಅಲ್ಲಿ ಅಕ್ಕಿ ಮೂಟೆಗಳಿವೆ. ಮೂರನೆಯದು ಸ್ಫೂರ್ತಿಯ ಭಾಷಣ: 5,000 ಸಂಭಾವನೆ, ಮೇಲೆ ಕಾರಿನ ಬಾಡಿಗೆ. ತಂದೆತಾಯಿಯ ತ್ಯಾಗವನ್ನು ನೆನಪಿಸಿ ಎಲ್ಲರನ್ನೂ ಅಳಿಸಿ ಹೋದರು. ಆ ವಾರ ಮೂವರು ನಿದ್ದೆಗೆಟ್ಟರು. ಅಪ್ಪನ ಸಾಲವನ್ನು ನೆನೆದು ಕೊರಗುತ್ತಿರುವವನಿಗೆ ಅದನ್ನೇ ಮೈಕಿನಲ್ಲಿ ಹೇಳಿದರೆ ಇನ್ನೇನಾದೀತು? ಆ ದುಡ್ಡನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಐದು ವರ್ಷದ ಹಿಂದಿನ ಒಂದು ಡಿಸೆಂಬರ್. ಅಡುಗೆಯ ಸಹಾಯಕರು ಬಾರದ ದಿನ ನಾನೇ ನಾಲ್ವರು ಹುಡುಗರ ಜೊತೆ ಅವರೆಕಾಯಿ ಬಿಡಿಸಲು ಕುಳಿತೆ. ತಿಂಗಳಿಂದ ಬಾಯಿ ಬಿಡದಿದ್ದ ಒಬ್ಬ, ತಲೆ ಎತ್ತದೆ, "ಸರ್, ರಜೆಗೆ ಊರಿಗೆ ಹೋಗಲು ಭಯ" ಎಂದ. ಕೈಗೆ ಕೆಲಸವಿತ್ತು, ಮುಖ ನೋಡುವ ಅಗತ್ಯವಿರಲಿಲ್ಲ, ಮಾತು ನಿಂತರೂ ಯಾರಿಗೂ ಮುಜುಗರವಾಗುತ್ತಿರಲಿಲ್ಲ. ಮುಂದಿನ ಶನಿವಾರ ಬೇಕೆಂದೇ ಸೊಗಡಿನ ಕಾಯಿ ತರಿಸಿದೆ.

ಮಕ್ಕಳಿಂದ ಕೂಲಿ ಮಾಡಿಸುತ್ತಾನೆ ಎಂದು ಸಹೋದ್ಯೋಗಿಗಳು ನಕ್ಕರು. ಸರದಿ ಪಟ್ಟಿ ಹಾಕಿದ ವರ್ಷ ಅದು ನಿಜವೂ ಆಯಿತು, ಯಾರೂ ಮಾತಾಡಲಿಲ್ಲ. ಪಟ್ಟಿ ಹರಿದುಹಾಕಿದೆ. ಬಂದವರು ಬರಲಿ. ನಾಲ್ವರು, ಹೆಚ್ಚೆಂದರೆ ಐವರು. ಆರನೆಯವನು ಬಂದರೆ ಅದು ಹರಟೆಕಟ್ಟೆ. ಮೊಬೈಲ್‌ಗಳು ಬೇರೆ ಕೋಣೆಯಲ್ಲಿ, ನನ್ನದೂ. ಮೊದಲ ಮಾತನ್ನು ಹೇಗೆ ತೆಗೆಯುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ನಡುವೆ ಈರುಳ್ಳಿಯನ್ನೂ ಯೋಚಿಸಿದ್ದೆ, ಕಣ್ಣೀರಿಗೊಂದು ನೆಪವಾಗುತ್ತದೆಂದು. "ಮನಸ್ಸು ಕೆಟ್ಟವರ ಕೈಗೆ ಚಾಕು ಕೊಡುತ್ತೀರಾ?" ಎಂದು ಅಡುಗೆಯ ಅಕ್ಕ ಗದರಿದರು. ನನಗೆ ಹೊಳೆಯಬೇಕಿತ್ತು. ಬೆಳ್ಳುಳ್ಳಿಯಲ್ಲಿ ಹತ್ತು ನಿಮಿಷಕ್ಕೆ ಉಗುರು ಉರಿಯುತ್ತದೆ. ಕಡಲೆಕಾಯಿಯಂತೂ ದಂಡ, ಬಾಯಿ ತುಂಬಿದವನು ಮಾತಾಡುವುದಿಲ್ಲ. ಜನವರಿಗೆ ಅವರೆ ಮುಗಿದರೆ ಫೆಬ್ರವರಿ, ಮಾರ್ಚಿಗೆ ಹುಣಸೆಹಣ್ಣಿನ ಬೀಜ ಬಿಡಿಸುವುದು. ನಮ್ಮ ಜಿಲ್ಲೆಯಲ್ಲಿ ಹುಣಸೆಗೆ ಬರವಿಲ್ಲ, ಪರೀಕ್ಷೆಯ ಕಾಲಕ್ಕೂ ಸರಿಹೋಗುತ್ತದೆ.

2025ರ ಹುಣಸೆ ಕಾಲದಲ್ಲಿ ದ್ವಿತೀಯ ಪಿಯುವಿನ ಒಬ್ಬ ತನ್ನ ನೋಟ್ಸು, ಕ್ಯಾಲ್ಕುಲೇಟರು ಎಲ್ಲವನ್ನೂ ಕಿರಿಯರಿಗೆ ಹಂಚಿಬಿಟ್ಟಿದ್ದ. "ನನಗಿನ್ನು ಅವು ಬೇಡ ಸರ್" ಎಂದ, ಬೀಜ ಬಿಡಿಸುತ್ತಲೇ. ಉಳಿದವರು ಎದ್ದುಹೋದ ಮೇಲೆ ನೇರವಾಗಿ ಕೇಳಿದೆ: "ಸಾಯಬೇಕು ಅನ್ನಿಸುತ್ತಿದೆಯೇನಪ್ಪಾ?" ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಸುಳ್ಳು. ಅವನು ತುಂಬಾ ಹೊತ್ತು ಸುಮ್ಮನಿದ್ದು ಹೌದೆಂದು ತಲೆಯಾಡಿಸಿದ. ಆ ರಾತ್ರಿಯೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿದೆ. ಹಗಲು ರಾತ್ರಿ ಸಿಗುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನ ಕೋಣೆಯಲ್ಲೇ ಚಾಪೆ ಹಾಸಿದೆ, ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ಅವನಪ್ಪನನ್ನು ಕರೆಸಿ ಜಿಲ್ಲಾ ಆಸ್ಪತ್ರೆಗೆ ಹೋದೆವು. ಮುಂದೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್. ಪಿಯು ಮಂಡಳಿಯ ಮೊದಲ ವಾರ್ಷಿಕ ಪರೀಕ್ಷೆಯಾದ ಪರೀಕ್ಷೆ 1 ಬಿಟ್ಟ, ಆಮೇಲೆ ಅದೇ ವರ್ಷ ನಡೆಯುವ ಪರೀಕ್ಷೆ 2 ಬರೆದ, ತೇರ್ಗಡೆಯಾದ. ಅವನಪ್ಪನಿಗೆ ಪರೀಕ್ಷೆ 2 ಎಂಬುದೊಂದು ಇದೆಯೆಂದೇ ತಿಳಿದಿರಲಿಲ್ಲ.

ಒಟ್ಟು ನಲವತ್ತರ ಹತ್ತಿರ ಹುಡುಗರು ಹೀಗೆ ಮಾತಾಡಿರಬಹುದು. ವೈದ್ಯರವರೆಗೆ ಹೋದವರು ಏಳೆಂಟು. ಹೆಚ್ಚುವರಿ ಖರ್ಚು ವರ್ಷಕ್ಕೆ 1,500 ದಾಟಿಲ್ಲ. ನಕ್ಕವರಲ್ಲೇ ಇಬ್ಬರು ಕಳೆದ ಡಿಸೆಂಬರಿನಲ್ಲಿ ನೋಡಲು ಬಂದಿದ್ದರು. ಒಬ್ಬರು ವಿಡಿಯೊ ಮಾಡಲು ಮೊಬೈಲ್ ತೆಗೆದರು. ಆ ಶನಿವಾರ ಕಾಳು ಮಾತ್ರ ಸಿಕ್ಕಿತು.

ಜೂನ್‌ನಿಂದ ನವೆಂಬರಿನವರೆಗೆ ಏನು ಬಿಡಿಸುವುದು ಎಂಬುದು ಇನ್ನೂ ಬಗೆಹರಿದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸೋಣವೆಂದರೆ ಈಗ ಬರುವ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಸದ್ಯಕ್ಕೆ ದಂಟಿನ ಸೊಪ್ಪು ಬಿಡಿಸುತ್ತಿದ್ದೇವೆ. ಬೇಗ ಮುಗಿದುಬಿಡುತ್ತದೆ.