ಶುಗರ್ ನಾರ್ಮಲ್ ಇದ್ದರೂ ಕೊಬ್ಬಿನ ಸಾಲು ಓದಿ

ಲ್ಯಾಬ್ ರಿಪೋರ್ಟ್ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಫಾಸ್ಟಿಂಗ್ ಶುಗರ್ ಸಾಲಿಗೆ. 98 ಇದ್ದರೆ ಸಮಾಧಾನ, ಹಾಳೆ ಕಪಾಟಿಗೆ. ಆದರೆ ಟೈಪ್ 2 ಮಧುಮೇಹದ ಸುಳಿವು ಎಷ್ಟೋ ಮಂದಿಯಲ್ಲಿ ಸಕ್ಕರೆ ಏರುವುದಕ್ಕೆ ವರ್ಷಗಳ ಮುಂಚೆಯೇ ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲ್‌ನಲ್ಲಿ ಕಾಣಿಸಿಕೊಂಡಿರುತ್ತದೆ.

ರಕ್ತ ಕೊಡುವ ಮುನ್ನ: 10–12 ಗಂಟೆ ಉಪವಾಸವಿರಿ. ನೀರು ಕುಡಿಯಬಹುದು, ಕಾಫಿ ಬೇಡ. ಹಿಂದಿನ ದಿನ ಮದ್ಯವೂ ಬೇಡ, ಮದುವೆ ಊಟವೂ ಬೇಡ. ಎರಡಕ್ಕೂ ಟ್ರೈಗ್ಲಿಸರೈಡ್ (ರಕ್ತದಲ್ಲಿ ಓಡಾಡುವ ಒಂದು ಬಗೆಯ ಕೊಬ್ಬು) ಜಿಗಿಯುತ್ತದೆ.

ಎರಡು ಸಾಲು ಜೊತೆಯಲ್ಲಿ ನೋಡಿ: ಟ್ರೈಗ್ಲಿಸರೈಡ್ 150ರೊಳಗಿರಬೇಕು. ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಗಂಡಸರಲ್ಲಿ 40, ಹೆಂಗಸರಲ್ಲಿ 50ಕ್ಕಿಂತ ಕಡಿಮೆ ಇರಬಾರದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 210 ಮತ್ತು 35 ಇದ್ದರೆ 6 ಬರುತ್ತದೆ. 3 ದಾಟಿದರೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಅನುಮಾನಿಸಬೇಕು. ಇದು ರೋಗನಿರ್ಣಯವಲ್ಲ, ಮುಂದಿನ ಪರೀಕ್ಷೆಗೆ ಕಾರಣ ಅಷ್ಟೇ.

ಎರಡೂ ಒಟ್ಟಿಗೆ ಕೆಡುವುದೇಕೆ? ಹೊಟ್ಟೆಯೊಳಗಿನ ಕೊಬ್ಬಿನ ಕೋಶಗಳು ಮಿತಿ ಮೀರಿ ಉಬ್ಬಿದಾಗ ಅಲ್ಲಿಗೆ ರಕ್ಷಣಾ ಕೋಶಗಳು ಜಮಾಯಿಸುತ್ತವೆ. ಅವು ಸ್ರವಿಸುವ ಟಿಎನ್‌ಎಫ್, ಐಎಲ್-6ನಂಥ ಉರಿಯೂತದ ರಾಸಾಯನಿಕಗಳು ಇನ್ಸುಲಿನ್‌ನ ಆಜ್ಞೆಯನ್ನು ಮಂಕು ಮಾಡುತ್ತವೆ. ಕೊಬ್ಬನ್ನು ಕೂಡಿಟ್ಟ ಜಾಗದಲ್ಲೇ ಹಿಡಿದಿಡುವುದೂ ಇನ್ಸುಲಿನ್‌ನದೇ ಕೆಲಸ. ಹಿಡಿತ ಸಡಿಲವಾದರೆ ಕೊಬ್ಬಿನ ಆಮ್ಲಗಳು ರಕ್ತಕ್ಕೆ ಸೋರಿ ಯಕೃತ್ತು ಸೇರುತ್ತವೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಮಾಡಿ ಮತ್ತೆ ರಕ್ತಕ್ಕೇ ಬಿಡುತ್ತದೆ. ಅದರಲ್ಲಿ ಒಂದಿಷ್ಟು ಎಚ್‌ಡಿಎಲ್ ಕಣಗಳಿಗೆ ಸೇರಿದಾಗ ಆ ಕಣಗಳು ಬೇಗ ಒಡೆದುಹೋಗುತ್ತವೆ. ಇಷ್ಟೆಲ್ಲ ನಡೆಯುವಾಗ ಮೇದೋಜೀರಕ ಗ್ರಂಥಿ ಹೆಚ್ಚು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹತೋಟಿಯಲ್ಲಿಟ್ಟಿರುತ್ತದೆ. ಆ 98ರ ಗುಟ್ಟು ಇದು.

ಟೇಪು ಹಿಡಿಯಿರಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ನಮ್ಮವರಿಗೆ ಮಿತಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80. ಪ್ಯಾಂಟಿನ ಸೈಜ್ ನಂಬಬೇಡಿ, ಅದನ್ನು ಹೊಟ್ಟೆಯ ಕೆಳಗೆ ಕಟ್ಟುವವರೇ ಹೆಚ್ಚು.

ಉರಿಯೂತದ ಪರೀಕ್ಷೆ: ಸಿಆರ್‌ಪಿ ಎಂಬುದು ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್. ಸಾಮಾನ್ಯ ಸಿಆರ್‌ಪಿ ಸಾಲದು, ‘ಎಚ್‌ಎಸ್-ಸಿಆರ್‌ಪಿ’ ಎಂದೇ ಕೇಳಿ; ಅದು ಸಣ್ಣ ಏರಿಕೆಯನ್ನೂ ಹಿಡಿಯುತ್ತದೆ. 1ರೊಳಗೆ ಕಡಿಮೆ, 3ರ ಮೇಲೆ ಹೆಚ್ಚು. 10 ದಾಟಿದರೆ ಬಹುಶಃ ಎಲ್ಲೋ ಸೋಂಕಿದೆ. ಗುಣವಾಗಿ ಎರಡು ವಾರ ಕಳೆದ ಮೇಲೆ ಮತ್ತೆ ಮಾಡಿಸಿ. ಹಣ ಒಂದಕ್ಕೇ ಸಾಕಾಗುವಂತಿದ್ದರೆ ಇದನ್ನು ಬಿಟ್ಟು, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಮಾಡಿಸುವುದು ಮೇಲು. ಅದು 5.7ರಿಂದ 6.4 ಇದ್ದರೆ ಮಧುಮೇಹದ ಹೊಸ್ತಿಲು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಈ ಅಂಕಿ ಸುಳ್ಳೇ ಏರಬಹುದು, ಹಿಮೋಗ್ಲೋಬಿನ್ ಕೂಡ ನೋಡಿ.

ಟ್ರೈಗ್ಲಿಸರೈಡ್ ಇಳಿಸುವ ಬಗೆ: ಹೆಚ್ಚಿನವರು ತಪ್ಪುವುದು ಇಲ್ಲೇ. ತುಪ್ಪ ಬಿಡುತ್ತಾರೆ, ಹೊಟ್ಟೆ ತುಂಬಲಿಲ್ಲವೆಂದು ಅನ್ನ ಹೆಚ್ಚಿಸುತ್ತಾರೆ. ಹೆಚ್ಚಾದ ಪಿಷ್ಟ, ಸಕ್ಕರೆಯಿಂದಲೂ ಯಕೃತ್ತು ಕೊಬ್ಬು ತಯಾರಿಸುತ್ತದೆ, ಟ್ರೈಗ್ಲಿಸರೈಡ್ ಜಗ್ಗುವುದಿಲ್ಲ. ರಾಗಿ ಮುದ್ದೆಯೂ ಪಿಷ್ಟವೇ; ಎರಡು ತಿನ್ನುವವರು ಒಂದಕ್ಕಿಳಿಸಿ, ಪಲ್ಯ, ಕಾಳು ಹೆಚ್ಚಿಸಿ. ಬೇಕರಿ ತಿಂಡಿ, ಸಿಹಿ ಪಾನೀಯ, ಮದ್ಯ ಬಿಡಿ. ವಾರಕ್ಕೆ 150 ನಿಮಿಷ ಬಿರುಸು ನಡಿಗೆ, 80 ಕೆ.ಜಿ. ತೂಗುವವರು ಐದಾರು ಕೆ.ಜಿ. ಇಳಿಸುವ ಗುರಿ ಇಟ್ಟುಕೊಳ್ಳಲಿ. ಮೂರು ತಿಂಗಳಿಗೆ ಮರುಪರೀಕ್ಷೆ.

ಟ್ರೈಗ್ಲಿಸರೈಡ್ 500 ದಾಟಿದ್ದರೆ ಮಾತ್ರ ಮೂರು ತಿಂಗಳು ಕಾಯುವಂತಿಲ್ಲ. ಮೇದೋಜೀರಕ ಗ್ರಂಥಿಯೇ ಊದಿಕೊಳ್ಳುವ ಅಪಾಯವಿರುವುದರಿಂದ ತಡಮಾಡದೆ ವೈದ್ಯರನ್ನು ಕಾಣಿ, ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ.