ನೋಡದೆ ಒತ್ತುವ ಗುಂಡಿಗಳು: ಆಸ್ಪತ್ರೆ ಮಂಚದ ನಿಯಂತ್ರಣ ಫಲಕ ರೂಪಿಸಿದ ನನ್ನ ಅನುಭವ

ವಿದ್ಯುತ್‌ಚಾಲಿತ ಆಸ್ಪತ್ರೆ ಮಂಚದ ಗುಂಡಿಗಳನ್ನು ನೋಡಿಕೊಂಡು ಒತ್ತುವವರು ಬಹಳ ಕಡಿಮೆ. ನಮ್ಮ ತಂಡ ತಯಾರಿಸುವ ಮಂಚಕ್ಕೆ ಹೊಸ ನಿಯಂತ್ರಣ ಫಲಕ ರೂಪಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ವಾರ್ಡುಗಳಲ್ಲಿ ಒಂದು ಮೂಲೆ ಹಿಡಿದು ನಿಂತು ಎರಡೇ ಸಂಗತಿಗಳನ್ನು ಬರೆದುಕೊಳ್ಳುತ್ತಿದ್ದೆ: ಗುಂಡಿ ಒತ್ತುವ ಗಳಿಗೆಯಲ್ಲಿ ಕೈ ಎಲ್ಲಿದೆ, ಕಣ್ಣು ಎಲ್ಲಿದೆ. ನರ್ಸ್‌ನ ಒಂದು ಕೈ ರೋಗಿಯ ಭುಜದ ಹಿಂದೆ ಇರುತ್ತಿತ್ತು. ಕಣ್ಣು ಮಾತ್ರ ಡ್ರಿಪ್‌ನ ಕೊಳವೆ ಜಗ್ಗುತ್ತಿದೆಯೇ, ಮೂತ್ರದ ಚೀಲ ಮಂಚದ ಸಂದಿಗೆ ಸಿಕ್ಕಿತೇ, ರೋಗಿಯ ಮುಖ ಹೇಗಿದೆ ಎಂಬುದರ ಮೇಲೆ. ಮಲಗಿದವರಿಗಂತೂ ಫಲಕ ಸೊಂಟದ ಹತ್ತಿರವೆಲ್ಲೋ ಇರುತ್ತದೆ, ಕತ್ತು ಹೊರಳಿಸಿದರೂ ಸರಿಯಾಗಿ ಕಾಣುವುದಿಲ್ಲ. ಕನ್ನಡಕ ಪಕ್ಕದ ಮೇಜಿನ ಮೇಲಿರುತ್ತದೆ, ರಾತ್ರಿಯಾದರೆ ದೀಪವೂ ಇಲ್ಲ. ಮೂರನೆಯವರು ರೋಗಿಯ ಜೊತೆಗಿರುವ ಮನೆಯವರು. ಅವರಿಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಫಲಕವನ್ನು ನಿಜವಾಗಿ ದಿಟ್ಟಿಸಿ ಓದುವವರು ಅವರೊಬ್ಬರೇ. ಓದಿದ ಮೇಲೂ ಒಂದೊಂದೇ ಗುಂಡಿ ಒತ್ತಿ ನೋಡುತ್ತಾರೆ.

ಹಳೆಯ ಮಂಚವನ್ನು ವರ್ಷಗಟ್ಟಲೆ ಬಳಸಿದ್ದ ಹಿರಿಯ ನರ್ಸ್ ಒಬ್ಬರನ್ನು, ಬೆನ್ನು ಎತ್ತುವ ಗುಂಡಿಯ ಮೇಲೆ ಯಾವ ಚಿತ್ರವಿದೆ ಎಂದು ಕೇಳಿದೆ. ಅವರಿಗೆ ಹೇಳಲಾಗಲಿಲ್ಲ. ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸಿ ಎಂದರೆ ತಡವರಿಸದೆ ತೋರಿಸಿದರು. ಆ ಉತ್ತರವನ್ನೇ ವಿನ್ಯಾಸದ ಷರತ್ತಾಗಿ ಬರೆದಿಟ್ಟುಕೊಂಡೆ: ಫಲಕವನ್ನು ನೋಡದವರಿಗಾಗಿ ಮಾಡಬೇಕು.

ಕಚೇರಿಯಲ್ಲಿ ಅಷ್ಟರಲ್ಲಾಗಲೇ ಟಚ್‌ಸ್ಕ್ರೀನ್ ಹಾಕುವ ಉತ್ಸಾಹ ಶುರುವಾಗಿತ್ತು. ಪ್ರದರ್ಶನ ಮಳಿಗೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ನುಣುಪಾದ ಗಾಜಿನ ಮೇಲೆ ಬೆರಳಿಗೆ ಒಂದು ಗುರುತೂ ಸಿಗುವುದಿಲ್ಲ. ಒದ್ದೆ ಕೈಗವಸು, ಸ್ಕ್ಯಾನಿಂಗ್ ಜೆಲ್, ಅಪ್ಪಿತಪ್ಪಿ ತಗುಲಿದ ಮೊಣಕೈ, ಎಲ್ಲವೂ ಅದಕ್ಕೆ ಒಂದೇ. ಮನುಷ್ಯನನ್ನು ಹೊತ್ತ ಯಂತ್ರವನ್ನು ಚಲಿಸುವ ಗುಂಡಿಗೆ ಇಂಥ ಅಸ್ಪಷ್ಟತೆ ಇರಬಾರದು ಎಂದು ಹಟ ಹಿಡಿದೆ. ತೂಕ, ಕೋನಗಳನ್ನು ತೋರಿಸಲು ಒಂದು ಪುಟ್ಟ ಪರದೆ ಉಳಿಯಿತು. ಚಲನೆಯೆಲ್ಲ ಗುಂಡಿಗಳಿಗೇ ಬಂತು, ಅದೂ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಮಂಚ ಚಲಿಸುವಂತೆ. ಬೆರಳು ತೆಗೆದರೆ ನಿಲ್ಲಬೇಕು. ಏನಾದರೂ ಸಿಕ್ಕಿಹಾಕಿಕೊಂಡು ಗಾಬರಿಯಾದಾಗ ಮನುಷ್ಯ ಮೊದಲು ಮಾಡುವುದು ಕೈ ಹಿಂದಕ್ಕೆಳೆದುಕೊಳ್ಳುವುದನ್ನು. ಸುರಕ್ಷತೆಗೆ ಅದಕ್ಕಿಂತ ನಂಬಿಕೆಯ ಚಲನೆ ಇಲ್ಲ.

ಮುಂದಿನ ಕೆಲಸವನ್ನು ಮಲಗಿಕೊಂಡೇ ಮಾಡಿದೆ. ರೋಗಿಯ ಕಡೆಯ ಫಲಕ ಎಲ್ಲಿರಬೇಕು ಎಂಬುದು ಮೇಜಿನ ಮುಂದೆ ಕುಳಿತು ತೀರ್ಮಾನಿಸುವ ವಿಷಯವಲ್ಲ. ಎತ್ತರದವರು, ಗಿಡ್ಡವರು, ದಪ್ಪಗಿರುವವರು, ತೆಳ್ಳಗಿರುವವರು ಎಲ್ಲರನ್ನೂ ಒಬ್ಬೊಬ್ಬರಾಗಿ ಮಲಗಿಸಿ, ಪಕ್ಕದ ಕಂಬಿಗೆ ಒಳಗಿನಿಂದ ಬಿಳಿ ಹಾಳೆ ಅಂಟಿಸಿ, ಬೆರಳ ತುದಿಗೆ ಶಾಯಿ ಹಚ್ಚಿ, ಕಣ್ಣು ಮುಚ್ಚಿ ಕೈ ಚಾಚಲು ಹೇಳಿದೆವು. ಬೆರಳುಗಳಿಗೆ ಟೇಪು ಸುತ್ತಿ ಕೀಲು ಬಿಗಿದವರಂತೆ ಮಾಡಿ ಮತ್ತೊಮ್ಮೆ, ಮಗ್ಗುಲಾಗಿ ಮಲಗಿಸಿ ಇನ್ನೊಮ್ಮೆ. ಶಾಯಿಯ ಚುಕ್ಕೆಗಳು ದಟ್ಟವಾಗಿ ಬಿದ್ದ ಜಾಗ ನಾವು ಅಂದುಕೊಂಡಿದ್ದಕ್ಕಿಂತ ಕೆಳಗೆ, ಕಾಲಿನ ಕಡೆಗಿತ್ತು: ಮೊಣಕೈ ಹಾಸಿಗೆಯ ಮೇಲೆಯೇ ಊರಿಕೊಂಡು, ಮುಂಗೈ ತಾನಾಗಿ ಹೊರಳಿದರೆ ಮುಟ್ಟುವಷ್ಟು ದೂರ. ತೋಳು ಎತ್ತಿ ಹಿಡಿಯಬೇಕಾದ ಜಾಗದಲ್ಲಿ ಗುಂಡಿ ಇಟ್ಟರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅದನ್ನು ಬಳಸುವುದಿಲ್ಲ, ಕರೆಗಂಟೆ ಒತ್ತಿ ನರ್ಸ್ ಅನ್ನೇ ಕರೆಯುತ್ತಾರೆ.

ಮಲಗಿದಾಗಲೇ ತಿಳಿದ ಇನ್ನೊಂದು ಸಂಗತಿ ಹೇಳಬೇಕು, ಏಕೆಂದರೆ ಇಡೀ ಫಲಕದ ಜೋಡಣೆ ಅದರಿಂದ ತಲೆಕೆಳಗಾಯಿತು. ಬೆನ್ನಿನ ಭಾಗ ಮೇಲೇಳುವಾಗ ದೇಹವೂ ಅದರೊಂದಿಗೆ ಏಳುತ್ತದೆ. ಕಂಬಿಯನ್ನು ಮಂಚದ ಕದಲದ ಚೌಕಟ್ಟಿಗೆ ಬಿಗಿದಿದ್ದರೆ ಗುಂಡಿ ಅಲ್ಲೇ ಉಳಿದು ಕೈ ಮೇಲೆ ಹೋಗಿಬಿಡುತ್ತದೆ. ಅರ್ಧಕ್ಕೇ ಬೆರಳು ಜಾರುತ್ತದೆ. ಆದ್ದರಿಂದ ರೋಗಿಯ ಫಲಕವನ್ನು ಬೆನ್ನಿನ ಭಾಗದೊಂದಿಗೇ ಏಳುವ ತಲೆಕಡೆಯ ಕಂಬಿಯಲ್ಲಿಟ್ಟೆವು. ಆದರೆ ಕಂಬಿಯೊಂದಿಗೆ ಫಲಕವೂ ವಾಲುತ್ತದೆ. ಚಪ್ಪಟೆಯಾಗಿದ್ದಾಗ ಸೂರಿನ ಕಡೆ ತೋರಿಸುತ್ತಿದ್ದ ಬಾಣದ ಗುರುತು, ಬೆನ್ನು 60 ಡಿಗ್ರಿ ಎದ್ದಾಗ ಹೆಚ್ಚುಕಡಿಮೆ ಕಾಲಿನ ಕಡೆಗೆ ತಿರುಗಿರುತ್ತದೆ. ಈಗ ‘ಮೇಲೆ’ ಎಂದರೆ ಯಾವ ಕಡೆ?

ನಾನು ಹಿಡಿದ ದಾರಿ, ದಿಕ್ಕನ್ನು ಕೋಣೆಯಿಂದ ಅಳೆಯದೆ ದೇಹದಿಂದ ಅಳೆಯುವುದು. ಮೇಲೆ-ಕೆಳಗೆ ಜೋಡಿಸಿದ್ದ ಎರಡು ಗುಂಡಿಗಳನ್ನು ತಲೆ-ಕಾಲಿನ ರೇಖೆಯಲ್ಲಿ ಜೋಡಿಸಿದೆ. ತಲೆಯ ಕಡೆಗಿರುವುದು ಎತ್ತುತ್ತದೆ, ಕಾಲಿನ ಕಡೆಗಿರುವುದು ಇಳಿಸುತ್ತದೆ. ಮಲಗಿರುವಾಗ ಇದು ಸರಿ. ಎದ್ದು ಕುಳಿತಾಗ ತಲೆಯ ಕಡೆಯ ಗುಂಡಿ ತಾನಾಗಿಯೇ ಮೇಲಿನ ಗುಂಡಿಯಾಗುತ್ತದೆ, ಆಗಲೂ ಸರಿ. ನಿಂತು ಕೆಲಸ ಮಾಡುವ ನರ್ಸ್‌ಗೆ ಈ ಲೆಕ್ಕ ಒಗ್ಗುವುದಿಲ್ಲ. ಅವರ ಫಲಕವನ್ನು ವಾಲದೇ ಇರುವ ಕಾಲುಕಡೆಯ ಕಂಬಿಯ ಹೊರಮೈಗೆ ಹಾಕಿ, ಅಲ್ಲಿ ಮಾಮೂಲಿಯಾಗಿ ಮೇಲೆ-ಕೆಳಗೆ ಜೋಡಿಸಿದೆವು. ಒಂದೇ ಮಂಚದಲ್ಲಿ ಎರಡು ಬಗೆಯ ಜೋಡಣೆಯೇ ಎಂದು ತಂಡದಲ್ಲಿ ಆಕ್ಷೇಪ ಬಂತು. ಇಬ್ಬರೂ ಬಳಸುವ ಫಲಕ ಒಂದೇ ಅಲ್ಲವಲ್ಲ ಎಂಬುದಷ್ಟೇ ನನ್ನ ಉತ್ತರವಾಗಿತ್ತು.

ಎಡಬಲದ ಜಗಳ ಇನ್ನೂ ದೊಡ್ಡದು. ಮಂಚದ ಎಡಕ್ಕೆ ನಿಂತವರಿಗೆ ರೋಗಿಯ ತಲೆ ಒಂದು ಕಡೆಗಿದ್ದರೆ, ಬಲಕ್ಕೆ ನಿಂತವರಿಗೆ ಇನ್ನೊಂದು ಕಡೆಗಿರುತ್ತದೆ. ಎರಡೂ ಕಂಬಿಗೆ ಒಂದೇ ಅಚ್ಚಿನ ಫಲಕ ಹಾಕಿದರೆ, ಒಂದು ಬದಿಯಲ್ಲಿ ಚಿತ್ರದ ತಲೆ ಮಂಚದ ಕಾಲಿನ ಕಡೆ ಇರುತ್ತದೆ. ಅಡುಗೆಮನೆಯ ನಾಲ್ಕು ಒಲೆಯ ಸ್ಟೌವ್‌ನಲ್ಲಿ ಯಾವ ತಿರುಪು ಯಾವ ಒಲೆಯದು ಎಂದು ತಡಕಾಡುವ ಪಾಡು ಇದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಪಾನಿಸ್ ಮತ್ತು ಲಿಂಡೆನ್‌ಬಾಮ್ 1959ರಲ್ಲಿ ಈ ಸ್ಟೌವ್‌ಗಳನ್ನೇ ಇಟ್ಟುಕೊಂಡು ಪ್ರಯೋಗ ಮಾಡಿದ್ದರು. ತಿರುಪುಗಳ ಜೋಡಣೆ ಒಲೆಗಳ ಜೋಡಣೆಯನ್ನು ಹೋಲಿದಷ್ಟೂ ತಪ್ಪುಗಳು ಕಡಿಮೆಯಾದವು. ಹಾಗಾಗಿ ಎಡದ ಫಲಕ, ಬಲದ ಫಲಕ ಒಂದಕ್ಕೊಂದು ಕನ್ನಡಿಬಿಂಬವಾಗಿರಲಿ ಎಂದೆ. ತಯಾರಿಕಾ ವಿಭಾಗಕ್ಕೆ ಇದು ಇಷ್ಟವಾಗಲಿಲ್ಲ. ಎರಡು ಬಿಡಿಭಾಗ, ಎರಡು ದಾಸ್ತಾನು, ಅದಲುಬದಲಾಗುವ ಭಯ. ಕೊನೆಗೆ ಸರ್ಕ್ಯೂಟ್ ಬೋರ್ಡ್ ಒಂದೇ ಇರಲಿ, ಯಾವ ಬದಿಗೆ ಜೋಡಿಸಿದ್ದಾರೆ ಎಂಬುದನ್ನು ಕನೆಕ್ಟರ್‌ನ ಒಂದು ತಂತಿಯಿಂದ ಅದೇ ಗುರುತಿಸಲಿ, ಮೇಲಿನ ಮುದ್ರಿತ ಹಾಳೆ ಮಾತ್ರ ಬೇರೆಯಾಗಲಿ ಎಂದು ಒಪ್ಪಂದವಾಯಿತು.

ತಂತಿಯ ರಿಮೋಟಿನದು ಬೇರೆಯೇ ತೊಂದರೆ. ಅದನ್ನು ಕಂಬಿಗೆ ನೇತುಹಾಕಿದಾಗ ಒಂದು ದಿಕ್ಕು, ಕೈಗೆ ತೆಗೆದುಕೊಂಡಾಗ ಇನ್ನೊಂದು ದಿಕ್ಕು. ಕತ್ತಲಲ್ಲಿ ತಲೆಕೆಳಗಾಗಿ ಹಿಡಿದವರು ಏಳಲು ಹೋಗಿ ಮಲಗುತ್ತಾರೆ. ತಂತಿಯ ಕಡೆ ದಪ್ಪ, ಇನ್ನೊಂದು ತುದಿ ತೆಳುವಾಗಿರುವಂತೆ ಅಚ್ಚು ಬದಲಿಸಿ, ಬೆನ್ನಿಗೆ ತೋರುಬೆರಳು ಕೂರುವ ಒಂದು ಗುಳಿ ಮಾಡಿದೆವು. ಅಷ್ಟರಿಂದಲೇ ಬಹುಪಾಲು ಬಗೆಹರಿಯಿತು.

ಬೆರಳಿಗೆ ತಿಳಿಯುವಂತೆ ಮಾಡುವುದಕ್ಕೂ ಸ್ವಚ್ಛತೆಗೂ ಸದಾ ಜಗಳ. ನನಗೆ ಪ್ರತಿ ಗುಂಡಿಯ ಸುತ್ತ ಎತ್ತರದ ಏಣು ಬೇಕಿತ್ತು. ಮೊಣಕೈ ಒರಗಿದರೂ ಗುಂಡಿ ಒತ್ತಿಹೋಗಬಾರದು, ಬೆರಳು ಮಾತ್ರ ಒಳಗಿಳಿಯಬೇಕು. ಸೋಂಕು ನಿಯಂತ್ರಣದ ನರ್ಸ್ ಮಾದರಿಯನ್ನು ಕೈಗೆತ್ತಿಕೊಂಡು, ಆ ಏಣಿನ ಬುಡಕ್ಕೆ ಉಗುರು ತೂರಿಸಿ, ಇಲ್ಲಿ ಸೇರಿಕೊಂಡ ಕೊಳೆಯನ್ನು ಯಾರು ತೆಗೆಯುತ್ತಾರೆ ಎಂದು ಕೇಳಿದರು. ಸಂದಿಯಿಲ್ಲದ ಒಂದೇ ಪಾಲಿಯೆಸ್ಟರ್ ಹಾಳೆಯಲ್ಲಿ, ಬುಡ ದುಂಡಗಾದ ತಗ್ಗಾದ ಉಬ್ಬು ಮಾಡಿ ಇಬ್ಬರೂ ಸ್ವಲ್ಪ ಸ್ವಲ್ಪ ಸೋತೆವು. ಉಬ್ಬು ಚೂಪಾದಷ್ಟೂ ಕ್ಲೋರಿನ್ ದ್ರಾವಣ, ಆಲ್ಕೋಹಾಲ್ ಒರೆಸಿ ಒರೆಸಿ ಹಾಳೆ ಅಲ್ಲೇ ಬಿರುಕು ಬಿಡುತ್ತದೆ, ಆದ್ದರಿಂದ ಅವರ ವಾದ ನನಗೂ ಒಳ್ಳೆಯದನ್ನೇ ಮಾಡಿತು. ಬಿರುಕಿನಿಂದ ನೀರು ಒಳಗಿಳಿದರೆ ಗುಂಡಿ ಒತ್ತಿದಂತೆಯೇ ಸಂಕೇತ ಹೋಗಬಹುದು, ಯಾರೂ ಮುಟ್ಟದೆ ಮಂಚ ಚಲಿಸಬಹುದು. ವೈದ್ಯಕೀಯ ಮಂಚಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-52 ಒಂದು ದೋಷದಿಂದ ಇಂಥ ಅಪಾಯ ಹುಟ್ಟದಂತೆ ನೋಡಿಕೊಳ್ಳಲು ಹೇಳುತ್ತದೆ. ನಮ್ಮಲ್ಲಿ ಪ್ರತಿ ಗುಂಡಿಯೂ ಎರಡು ಪ್ರತ್ಯೇಕ ಸಂಪರ್ಕಗಳನ್ನು ಮುಚ್ಚಿದರೆ ಮಾತ್ರ ಮೋಟಾರಿಗೆ ಅಪ್ಪಣೆ ಸಿಗುತ್ತದೆ.

ಯಾರಿಗೆ ಯಾವ ಗುಂಡಿ ಕೊಡಬಾರದು ಎಂಬ ಚರ್ಚೆಗೇ ಹೆಚ್ಚು ಹೊತ್ತು ಹಿಡಿಯಿತು. ಇಡೀ ಮಂಚವನ್ನು ತಲೆ ತಗ್ಗಾಗುವಂತೆ ವಾಲಿಸುವ ಟ್ರೆಂಡೆಲೆನ್‌ಬರ್ಗ್ ಭಂಗಿ, ಜರ್ಮನಿಯ ಶಸ್ತ್ರಚಿಕಿತ್ಸಕ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್ ಹೆಸರಿನದು, ಕೆಲವು ಸಂದರ್ಭಗಳಲ್ಲಿ ಬೇಕೇ ಬೇಕು. ಆದರೆ ತಲೆಬುರುಡೆಯೊಳಗೆ ಒತ್ತಡ ಹೆಚ್ಚಿರುವವರಿಗೆ, ಉಸಿರಾಟದ ತೊಂದರೆಯವರಿಗೆ ಅದು ಅಪಾಯ. ರೋಗಿಯ ಫಲಕದಲ್ಲಿ ಅದು ಇಲ್ಲವೇ ಇಲ್ಲ. ಮಂಚದ ಕಾಲತುದಿಯ ಫಲಕದಲ್ಲಿದೆ, ಅದೂ ಇನ್ನೊಂದು ಗುಂಡಿಯನ್ನು ಮೊದಲು ಒತ್ತಿದರೆ ಮಾತ್ರ. ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್‌ಗೆ ಬೆನ್ನಿನ ಭಾಗವನ್ನು ತಟ್ಟನೆ ಚಪ್ಪಟೆ ಮಾಡುವ ಹಿಡಿಕೆಗೆ ಇದರ ತದ್ವಿರುದ್ಧ ನಿಯಮ: ಗುಂಡಿಗಳು ಕೆಲಸ ಮಾಡದಂತೆ ಫಲಕಕ್ಕೆ ಬೀಗ ಹಾಕಿದ್ದರೂ ನಡೆಯಬೇಕು, ವಿದ್ಯುತ್ ಹೋಗಿದ್ದರೂ ನಡೆಯಬೇಕು, ಎರಡೂ ಬದಿಯಲ್ಲಿರಬೇಕು, ಯೋಚಿಸಲು ಏನೂ ಇರಬಾರದು. ಅದನ್ನು ಕೆಂಪು ಮಾಡಿ ಬಿಟ್ಟರೆ ಸಾಲದು. ಕೆಂಪು-ಹಸಿರು ಗೊಂದಲವಾಗುವ ಗಂಡಸರು ವಿರಳವೇನಲ್ಲ, ಮತ್ತು ಆ ಹೊತ್ತಿನಲ್ಲಿ ಯಾರೂ ಕೆಳಗೆ ನೋಡುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಬಿ-17 ವಿಮಾನದ ಪೈಲಟ್‌ಗಳು ಇಳಿದ ಮೇಲೆ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಎತ್ತಲು ಹೋಗಿ ಚಕ್ರಗಳನ್ನೇ ಒಳಗೆಳೆದುಕೊಳ್ಳುತ್ತಿದ್ದಾಗ, ಅದೇ ಚಪಾನಿಸ್ ಒಂದು ಹಿಡಿಕೆಗೆ ಚಕ್ರದ ಆಕಾರ, ಇನ್ನೊಂದಕ್ಕೆ ಬೆಣೆಯ ಆಕಾರ ಕೊಡಿಸಿದ್ದರು. ನಮ್ಮ ಸಿಪಿಆರ್ ಹಿಡಿಕೆ ಮಂಚದಲ್ಲಿ ಬೇರೆಲ್ಲೂ ಇಲ್ಲದ ಒಂದು ದಪ್ಪ ಟಿ ಆಕಾರದ್ದು.

ಬೀಗದ ದೀಪದ ವಿಷಯದಲ್ಲಿ ಇಡೀ ತಂಡ ಎರಡು ಪಾಲಾಗಿತ್ತು. ದೀಪ ಉರಿದರೆ ಬೀಗ ಬಿದ್ದಿದೆ ಎಂದೇ, ಬಳಸಬಹುದು ಎಂದೇ? ನರ್ಸ್‌ಗಳನ್ನು ಕೇಳಿದರೆ ಅವರೂ ಎರಡು ಪಾಲು. ಬೀಗ ಬಿದ್ದದ್ದು ತಿಳಿಯದೆ ಮಂಚ ಕೆಟ್ಟಿದೆ ಎಂದು ದುರಸ್ತಿಗೆ ದೂರು ಬರೆಯುವುದು ಎಲ್ಲ ವಾರ್ಡುಗಳಲ್ಲೂ ಇದ್ದದ್ದೇ. ಸದಾ ಉರಿಯುವ ದೀಪದ ಚರ್ಚೆಯನ್ನು ಬದಿಗಿಟ್ಟು, ಬೀಗ ಬಿದ್ದ ಗುಂಡಿಯನ್ನು ಒತ್ತಿದ ಕ್ಷಣಕ್ಕೆ ಪಕ್ಕದ ಬೀಗದ ಚಿತ್ರ ಮಿನುಗುವಂತೆ ಮಾಡಿದೆವು. ಸಂದೇಹ ಹುಟ್ಟಿದ ಗಳಿಗೆಯಲ್ಲೇ ಉತ್ತರ ಸಿಗುತ್ತದೆ. ಇದೇ ನೋಟದಿಂದ ಬೆನ್ನಿನ ಚಲನೆ 30 ಡಿಗ್ರಿಯಲ್ಲಿ ಒಂದು ಕ್ಷಣ ನಿಂತು ಮುಂದುವರಿಯುತ್ತದೆ. ವೆಂಟಿಲೇಟರ್ ಹಾಕಿದವರ ತಲೆಯನ್ನು 30ರಿಂದ 45 ಡಿಗ್ರಿ ಎತ್ತಿಡುವ ರೂಢಿಯಿರುವುದರಿಂದ, ಐಸಿಯು ನರ್ಸ್‌ಗಳು ಕೋನಮಾಪಕವನ್ನು ಬಗ್ಗಿ ನೋಡುವುದು ತಪ್ಪಿತು. ಇಡೀ ಮಂಚದಲ್ಲಿ ಅವರಿಗೆ ಬಹಳ ಮೆಚ್ಚಿಗೆಯಾದದ್ದು ಇದೇ ಎಂದು ಆಮೇಲೆ ತಿಳಿಯಿತು. ನಾವು ಅದಕ್ಕೆ ಒಂದು ಸಂಜೆಯ ಪ್ರೋಗ್ರಾಮಿಂಗ್‌ಗಿಂತ ಹೆಚ್ಚು ಶ್ರಮವನ್ನೇನೂ ಹಾಕಿರಲಿಲ್ಲ.

ಪರೀಕ್ಷೆಯನ್ನು ಐಇಸಿ 62366-1 ಹೇಳುವ ಬಳಕೆ-ಪರೀಕ್ಷೆಯ ಕ್ರಮದಲ್ಲೇ ಮಾಡಿದೆವು, ಬೇರೆ ಬೇರೆ ಹಂತದ ಮಾದರಿಗಳ ಮೇಲೆ. ಒಂದು ಮಾತು ಮಾತ್ರ ಹೇಳುತ್ತೇನೆ: ‘ಬೆನ್ನು ಎತ್ತಿ’ ಎಂದು ಕೆಲಸ ಕೊಡಬೇಡಿ. ಗುಂಡಿಯ ಹೆಸರನ್ನು ನೀವೇ ಹೇಳಿಕೊಟ್ಟಂತಾಗುತ್ತದೆ. ‘ಇವರಿಗೆ ಉಸಿರಾಡಲು ಕಷ್ಟವಾಗುತ್ತಿದೆ’ ಎನ್ನಿ, ದೀಪ ಮಂಕು ಮಾಡಿ, ಹಾಸಿಗೆಯಲ್ಲಿ ಮಲಗಿದವರು ನರಳುತ್ತಿರಲಿ, ಆಮೇಲೆ ಬೆರಳು ಮೊದಲು ಯಾವ ಗುಂಡಿಗೆ ಹೋಗುತ್ತದೆ ಎಂದಷ್ಟೇ ನೋಡಿ. ಸರಿಯಾಗಿ ಮುಗಿಸಿದರೇ ಎಂಬುದಕ್ಕಿಂತ ಆ ಮೊದಲ ಬೆರಳು ಹೆಚ್ಚು ಹೇಳುತ್ತದೆ. ಮಂಚ ಕೆಳಗಿಳಿಸುವ ಕೆಲಸದಲ್ಲಿ ಬಹಳ ಮಂದಿ ಅಡಿಗೆ ನೋಡುವುದೇ ಇಲ್ಲ ಎಂಬುದು ಹೀಗೆಯೇ ಗೊತ್ತಾಯಿತು. ಸ್ಟೂಲು, ಕಸದ ಡಬ್ಬಿ, ಕೆಲವೊಮ್ಮೆ ಮನೆಯವರ ಕಾಲು ಅಡಿಯಲ್ಲಿರುತ್ತದೆ. ಬಿದ್ದರೂ ಹೆಚ್ಚು ಪೆಟ್ಟಾಗದಿರಲಿ ಎಂದು ಮಂಚವನ್ನು ತೀರಾ ತಗ್ಗಿಸುವುದು ಅಗತ್ಯ, ಹಾಗಾಗಿ ಆ ಕೊನೆಯ ಭಾಗದ ಮೊದಲು ಚಲನೆ ನಿಂತು ಬೀಪ್ ಎನ್ನುತ್ತದೆ. ಮತ್ತೊಮ್ಮೆ ಒತ್ತಿದರೆ ಮುಂದುವರಿಯುತ್ತದೆ.

ಪಾರ್ಶ್ವವಾಯುವಾದವರ ವಿಷಯ ಇನ್ನೂ ಅರ್ಧದಲ್ಲಿದೆ. ಫಲಕಗಳು ಎರಡೂ ಬದಿಯಲ್ಲಿರುವುದರಿಂದ ಒಂದು ಕೈ ಆಡುವವರಿಗೆ ತೊಂದರೆಯಿಲ್ಲ. ಎರಡೂ ಕೈಯಲ್ಲಿ ಒತ್ತುವ ಶಕ್ತಿಯೇ ಇಲ್ಲದವರಿಗೆ ಗುಂಡಿಯ ಬಿಗಿ ಕಡಿಮೆ ಮಾಡುವಂತಿಲ್ಲ, ಮಾಡಿದರೆ ಕಂಬಳಿಯ ಮಡಿಕೆಯೇ ಮಂಚವನ್ನು ಚಲಿಸಿಬಿಡುತ್ತದೆ. ಸದ್ಯಕ್ಕೆ ತಲೆಕಡೆಯ ಕಂಬಿಯಲ್ಲಿ ಒಂದು ಸಾಕೆಟ್ ಬಿಟ್ಟಿದ್ದೇವೆ. ಗಲ್ಲದಿಂದ ಒತ್ತುವ ಮೆತ್ತನೆಯ ಸ್ವಿಚ್ಚನ್ನೋ ಉಸಿರು ಊದಿ ನಡೆಸುವ ಸ್ವಿಚ್ಚನ್ನೋ ಅದಕ್ಕೆ ಜೋಡಿಸಬಹುದು. ಅಂಥ ಒಂದೇ ಸ್ವಿಚ್ಚಿನಿಂದ ಎತ್ತುವುದು, ಇಳಿಸುವುದು ಎರಡನ್ನೂ ಹೇಗೆ ಬೇರ್ಪಡಿಸುವುದು ಎಂಬುದರ ಮೇಲೆ ಈಗ ಕೆಲಸ ನಡೆದಿದೆ.