ನಿಮ್ಮೂರ ಪುರಸಭೆ ಜಗಳದಲ್ಲಿ ಕಾಗದ ಹಿಡಿದು ನಿಲ್ಲುವುದು ಹೇಗೆ

ಪುರಸಭೆಯಲ್ಲಿ ಏನಾದರೂ ಗಲಾಟೆ ಆದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು "ಅವರು ಯಾರ ಕಡೆಯವರು?" ಅಂತ. ದಳದವರಾ, ಕಾಂಗ್ರೆಸ್‌ನವರಾ, ಶಾಸಕರ ಕಡೆಯವರಾ, ಹಳೇ ಅಧ್ಯಕ್ಷರ ಕಡೆಯವರಾ. ಅಷ್ಟು ಗೊತ್ತಾದರೆ ಟೀ ಅಂಗಡಿಯಲ್ಲಿ ಮಾತು ಮುಗಿಯುತ್ತದೆ. ಚರಂಡಿ ಮಾತ್ರ ಹಾಗೇ ಕಟ್ಟಿಕೊಂಡು ನಿಂತಿರುತ್ತದೆ. ನಾನು ಮಂಡ್ಯ ಜಿಲ್ಲೆಯ ಒಂದು ಸಣ್ಣ ಪಟ್ಟಣದವನು. ನಮ್ಮ ಬೀದಿಯ ಒಂದು ಚರಂಡಿಯ ಹಿಂದೆ ಬಿದ್ದು ಹದಿನಾಲ್ಕು ತಿಂಗಳು ಓಡಾಡಿದ್ದೇನೆ. ಯಾರ ಕಡೆಯವರು ಅಂತ ಕೇಳುತ್ತಾ ಮೊದಲ ಆರು ತಿಂಗಳು ಹಾಳು ಮಾಡಿದೆ. ಕಾಗದ ಕೇಳಲು ಶುರು ಮಾಡಿದ ಮೇಲೆ ಕೆಲಸ ನಡೆಯಿತು. ನೀವು ಆ ಆರು ತಿಂಗಳು ಕಳೆಯಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕುರ್ಚಿಯಲ್ಲಿ ಈಗ ಯಾರಿದ್ದಾರೆ

ಅರ್ಜಿ ಬರೆಯುವ ಮೊದಲು ಇದನ್ನು ತಿಳಿದುಕೊಳ್ಳಿ. ಅಧ್ಯಕ್ಷ, ಉಪಾಧ್ಯಕ್ಷರ ಅವಧಿ 30 ತಿಂಗಳು. ಆ ಕುರ್ಚಿ ಯಾವ ವರ್ಗಕ್ಕೆ ಮೀಸಲು ಅನ್ನುವುದನ್ನು ರಾಜ್ಯ ಸರ್ಕಾರ ಹೇಳಬೇಕು. ಅಲ್ಲೇ ಎಡವಟ್ಟು. 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಮತದಾನ ಆಯಿತು, ಗೆದ್ದವರು ಹಾರ ಹಾಕಿಸಿಕೊಂಡರು, ಆದರೆ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ ಅಧ್ಯಕ್ಷರು ಬಂದದ್ದು 2020ರ ಕೊನೆಗೆ. ಎರಡನೇ ಅವಧಿಗೂ ಅದೇ ಕಥೆ. 2023ರಲ್ಲಿ ಖಾಲಿಯಾದ ಕುರ್ಚಿಗಳಿಗೆ ಮೀಸಲಾತಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಮೈಸೂರು ಪಾಲಿಕೆಯ 65 ವಾರ್ಡ್‌ಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿದು ಅಲ್ಲಿಗೂ ಆಡಳಿತಾಧಿಕಾರಿ, ಅಂದರೆ ಆಯ್ಕೆಯಾದವರ ಬದಲು ಆಡಳಿತ ನೋಡುವ ಸರ್ಕಾರಿ ಅಧಿಕಾರಿ, ಬಂದರು.

ನನ್ನ ಮಟ್ಟಿಗೆ ನಮ್ಮ ಸಣ್ಣ ಊರುಗಳ ರಾಜಕೀಯದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ವೋಟು ಹಾಕಿಸಿಕೊಂಡ ಮೆಂಬರ್ರು ವರ್ಷಗಟ್ಟಲೆ ಅಧಿಕಾರ ಇಲ್ಲದೆ ಕೂರುತ್ತಾರೆ, ಜನ ಅವರನ್ನೇ ಬೈಯುತ್ತಾರೆ, ಫೈಲು ಮಾತ್ರ ಇನ್ನೊಂದು ಆಫೀಸಿನ ಟೇಬಲ್ ಮೇಲೆ ಇರುತ್ತದೆ.

ಹಾಗಾಗಿ ಕುರ್ಚಿ ಖಾಲಿ ಇದ್ದರೆ ಅರ್ಜಿಯನ್ನು ಆಡಳಿತಾಧಿಕಾರಿಗೆ ಬರೆಯಿರಿ. ಊರಿಗೆ ತಕ್ಕ ಹಾಗೆ ಅವರು ತಹಶೀಲ್ದಾರ್, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಇರಬಹುದು. ಕುರ್ಚಿ ತುಂಬಿದ್ದರೆ ಮುಖ್ಯಾಧಿಕಾರಿಗೆ ಬರೆದು ಅಧ್ಯಕ್ಷರಿಗೆ ಒಂದು ಪ್ರತಿ ಕೊಡಿ. ನಗರಸಭೆ ಆದರೆ ಮುಖ್ಯಾಧಿಕಾರಿ ಜಾಗದಲ್ಲಿ ಪೌರಾಯುಕ್ತರು. ಅಧ್ಯಕ್ಷರ ಚುನಾವಣೆಯಲ್ಲಿ ಶಾಸಕರಿಗೂ ಸಂಸದರಿಗೂ ಒಂದೊಂದು ವೋಟು ಇದೆ, ಸರ್ಕಾರ ನಾಮನಿರ್ದೇಶನ ಮಾಡಿದವರಿಗೆ ಇಲ್ಲ. ಇದು ಗೊತ್ತಿದ್ದರೆ ಯಾರು ಯಾಕೆ ಕಡೇ ಗಳಿಗೆಯಲ್ಲಿ ಕಾರಿಳಿದು ಬರುತ್ತಾರೆ ಅನ್ನುವುದೂ ಅರ್ಥ ಆಗುತ್ತದೆ.

ಆಮೇಲೆ, ಕೆಲಸ ಯಾರದ್ದು ಅನ್ನುವುದನ್ನೂ ನೋಡಿಕೊಳ್ಳಿ. ಊರೊಳಗಿನ ದೊಡ್ಡ ರಸ್ತೆ ಎಷ್ಟೋ ಕಡೆ ಲೋಕೋಪಯೋಗಿ ಇಲಾಖೆಯದ್ದು. ಕರೆಂಟು ನಮ್ಮ ಕಡೆ ಸೆಸ್ಕ್ ಅನ್ನುವ ವಿದ್ಯುತ್ ಕಂಪನಿಯದ್ದು. ಹೊಸ ಬಡಾವಣೆ ಇನ್ನೂ ಪುರಸಭೆಗೆ ಹಸ್ತಾಂತರ ಆಗದೇ ಇದ್ದರೆ ಅಲ್ಲಿ ಗುಂಡಿ ಮುಚ್ಚಲು ಪುರಸಭೆ ದುಡ್ಡು ಹಾಕುವುದಿಲ್ಲ. ತಪ್ಪು ಬಾಗಿಲು ತಟ್ಟಿದರೆ ಒಂದೂವರೆ ತಿಂಗಳು ಸುಮ್ನೆ ಹೋಗುತ್ತದೆ.

ಅಜೆಂಡಾ ಓದುವುದು

ಸಾಮಾನ್ಯ ಸಭೆಗೆ ಮುಂಚೆ ಮೆಂಬರ್ರ ಮನೆಗೆ ಅಜೆಂಡಾ ಹೋಗುತ್ತದೆ. ಸಭೆ ಆದ ಮೇಲೆ ನಡಾವಳಿ ಬರೆಯುತ್ತಾರೆ. ಈ ಎರಡು ಕಾಗದ ಕೈಯಲ್ಲಿದ್ದರೆ ಅರ್ಧ ಜಗಳ ಅರ್ಥ ಆದ ಹಾಗೆ. ನಿಮ್ಮ ವಾರ್ಡಿನ ಮೆಂಬರ್ರ ಮನೆಗೆ ಹೋಗಿ "ಅಣ್ಣ, ಈ ಸಲದ ಅಜೆಂಡಾ ಒಂದು ಫೋಟೋ ಹೊಡ್ಕೊಳ್ಲಾ?" ಅಂತ ಕೇಳಿ. ಎಷ್ಟೋ ಜನ ಖುಷಿಯಿಂದ ಕೊಡುತ್ತಾರೆ. ಯಾಕೆಂದರೆ ಅದನ್ನು ಕೇಳಿಕೊಂಡು ಯಾರೂ ಬಂದಿರುವುದಿಲ್ಲ.

ಓದುವಾಗ ಮೂರು ಜಾಗದಲ್ಲಿ ನಿಧಾನ ಮಾಡಿ. ಒಂದು, "ಘಟನೋತ್ತರ ಮಂಜೂರಾತಿ" ಅನ್ನುವ ಮಾತು. ಅಂದರೆ ಕೆಲಸ ಅಥವಾ ಖರ್ಚು ಆಗಲೇ ಆಗಿಹೋಗಿದೆ, ಈಗ ಒಪ್ಪಿಗೆ ಕೇಳುತ್ತಿದ್ದಾರೆ. ಪೈಪ್ ಒಡೆದಾಗ, ಮೋಟಾರ್ ಸುಟ್ಟಾಗ ಅದು ಸರಿ. ಹೂಕುಂಡ ಕೊಂಡದ್ದಕ್ಕೆ ಯಾಕೆ ಬೇಕು, ಅದನ್ನು ಕೇಳಿ. ಎರಡು, ಒಂದೇ ರಸ್ತೆಯ ಕೆಲಸ ಮೂರು ನಾಲ್ಕು ತುಂಡಾಗಿ, ಒಂದೊಂದೂ ಟೆಂಡರ್ ಕರೆಯಲೇಬೇಕಾದ ಮಿತಿಗೆ ಸ್ವಲ್ಪ ಕೆಳಗೆ ಬರುವ ಹಾಗೆ ಇದೆಯಾ ನೋಡಿ. ತುಂಡು ಗುತ್ತಿಗೆ ಅಂತ ನಾವೆಲ್ಲ ಕರೆಯುವುದು ಇದನ್ನೇ. ಸಾರ್ವಜನಿಕ ಖರೀದಿ ಪಾರದರ್ಶಕವಾಗಿ ಇರಬೇಕು ಅಂತ ರಾಜ್ಯದಲ್ಲಿ 1999ರ ಕಾಯ್ದೆಯೇ ಇದೆ. ಮೂರು, ಕಡೇ ಸಾಲು. "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು." ಊಟದ ಹೊತ್ತಾಗಿ ಅರ್ಧ ಜನ ಎದ್ದ ಮೇಲೆ ಅಂಗಡಿ ಮಳಿಗೆಗಳ ಬಾಡಿಗೆ ವಿಷಯ ಬರುವುದು ಇಲ್ಲೇ. ಹೀಗೆ ಬಂದದ್ದು ನಡಾವಳಿ ಸಿಕ್ಕ ಮೇಲಷ್ಟೇ ತಿಳಿಯುತ್ತದೆ, ಆದ್ದರಿಂದ ನಡಾವಳಿಯನ್ನು ಬಿಡಬೇಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ರಾಜ್ಯದ ಪಟ್ಟಣಗಳಲ್ಲಿ ಅರ್ಧದಷ್ಟು ವಾರ್ಡ್ ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಎಷ್ಟೋ ವಾರ್ಡ್‌ಗಳಲ್ಲಿ ಫೋನ್ ತೆಗೆಯುವುದು ಗಂಡ, ಇಲ್ಲವೇ ಮೈದುನ. ನಾವೂ ಅದಕ್ಕೆ ಒಗ್ಗಿಹೋಗಿ "ಮೆಂಬರ್ ಯಜಮಾನ್ರು" ಅಂತ ಗಂಡನ ಹತ್ತಿರವೇ ಹೋಗುತ್ತೇವೆ. ಹಾಗೆ ಮಾಡಬೇಡಿ. ಅರ್ಜಿ ಮೇಲೆ ಆ ಸದಸ್ಯೆಯ ಹೆಸರು ಬರೆಯಿರಿ, ಅವರ ಕೈಗೇ ಕೊಡಿ, ಅವರ ಹತ್ತಿರವೇ ಮಾತಾಡಿ. ನನ್ನ ಚರಂಡಿ ವಿಷಯವನ್ನು ಸಭೆಯಲ್ಲಿ ಎದ್ದು ನಿಂತು ಕೇಳಿದ್ದು ಅಂಥ ಒಬ್ಬ ಅಕ್ಕ. ಅದಕ್ಕೂ ಮುಂಚೆ ಎರಡು ವರ್ಷ ಅವರು ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. "ಯಾರೂ ನನ್ನ ಹತ್ರ ಏನೂ ಹೇಳೇ ಇರ್ಲಿಲ್ವಲ್ಲ" ಅಂದರು.

ಮಾಹಿತಿ ಹಕ್ಕು ಅರ್ಜಿ, ಆಮೇಲೆ ಟೇಪು

ನಮ್ಮ ಬೀದಿಯಲ್ಲಿ ಬಾಕ್ಸ್ ಚರಂಡಿ ಆಯಿತು. ಮೊದಲ ಮಳೆಗೇ ಬೀದಿಯ ಕೆಳಗಿನ ಆರು ಮನೆ ಮುಂದೆ ನೀರು ನಿಂತಿತು. ಕೇಳಿದರೆ "ಕೆಲಸ ಪೂರ್ತಿ ಆಗಿದೆ" ಅನ್ನುವ ಉತ್ತರ. ಪೂರ್ತಿ ಅಂದರೆ ಎಷ್ಟು?

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಪೋಸ್ಟಲ್ ಆರ್ಡರ್ ಆದರೂ ಸರಿ, ಕಚೇರಿಯಲ್ಲಿ ನಗದು ಕಟ್ಟಿ ರಸೀದಿ ತೆಗೆದುಕೊಂಡರೂ ಸರಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಅರ್ಜಿ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಇದನ್ನು ಮರೆತು ನಾಲ್ಕು ಬೀದಿ, ಎರಡು ಪಾರ್ಕು, ಬೀದಿದೀಪ ಎಲ್ಲ ಸೇರಿಸಿ ಬರೆದರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. ನನ್ನ ಮೊದಲ ಅರ್ಜಿ ಹಾಗೇ ವಾಪಸ್ ಬಂದಿತ್ತು.

ಇನ್ನೊಂದು ತಪ್ಪು "ಯಾಕೆ" ಅಂತ ಕೇಳುವುದು. ಚರಂಡಿ ಯಾಕೆ ಸರಿಯಾಗಿ ಮಾಡಿಲ್ಲ ಅಂತ ಬರೆದರೆ ಅದಕ್ಕೆ ಉತ್ತರ ಕೊಡುವ ಜವಾಬ್ದಾರಿ ಅವರಿಗಿಲ್ಲ. ಕಚೇರಿಯಲ್ಲಿ ಇರುವ ಕಾಗದದ ಪ್ರತಿ ಕೇಳಬೇಕು. ಎರಡನೇ ಸಲ ನಾನು ಬರೆದದ್ದು ಹೀಗೆ:

"ಇವರಿಗೆ, ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಪುರಸಭೆ ಕಾರ್ಯಾಲಯ. ವಿಷಯ: ಇಂಥ ವಾರ್ಡಿನ ಇಂಥ ಅಡ್ಡರಸ್ತೆಯ ಚರಂಡಿ ಕಾಮಗಾರಿ. ಸದರಿ ಕಾಮಗಾರಿಗೆ ಸಂಬಂಧಿಸಿದ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಇದುವರೆಗೆ ಪಾವತಿಸಿದ ಬಿಲ್‌ಗಳು ಮತ್ತು ಗುಣಮಟ್ಟ ತಪಾಸಣಾ ವರದಿಯ ದೃಢೀಕೃತ ಪ್ರತಿಗಳನ್ನು ಕೊಡಬೇಕಾಗಿ ಕೋರುತ್ತೇನೆ."

ಇಷ್ಟೇ. ಬೈಗುಳ ಬೇಡ, ಭಾಷಣ ಬೇಡ. ಕೊಡುವಾಗ ನಿಮ್ಮ ಪ್ರತಿಯ ಮೇಲೆ ಟಪಾಲಿನವರ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಬಾಗಿಲು ದಾಟಬೇಡಿ. ಉತ್ತರ ಕೊಡಲು ಅವರಿಗಿರುವ 30 ದಿನದ ಲೆಕ್ಕ ಶುರುವಾಗುವುದು ಆ ಸೀಲಿನಿಂದ. ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅವರ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಸಕಾರಣ ಇಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೂ ದಂಡ ಹಾಕಬಹುದು. ನನಗೆ ಮೊದಲ ಮೇಲ್ಮನವಿ ಹಾಕಿದ ವಾರದಲ್ಲೇ ಕಾಗದ ಬಂತು. ಹನ್ನೊಂದು ಪುಟ, ಪುಟಕ್ಕೆ 2 ರೂಪಾಯಿಯಂತೆ 22 ರೂಪಾಯಿ.

ಅಳತೆ ಪುಸ್ತಕವನ್ನು ಎಲ್ಲರೂ ಎಂಬಿ ಅಂತಾರೆ. ಎಂಜಿನಿಯರ್ ಜಾಗಕ್ಕೆ ಬಂದು ಅಳೆದು ಉದ್ದ, ಅಗಲ, ಆಳ ಬರೆದು ಸಹಿ ಹಾಕುವ ಪುಸ್ತಕ ಅದು. ಅದರ ಮೇಲೇ ಬಿಲ್ ಆಗುವುದು. ನಮ್ಮ ಬೀದಿಯ ಎಂಬಿಯಲ್ಲಿ ಉದ್ದ 112 ಮೀಟರ್ ಅಂತ ಇತ್ತು. ಪಕ್ಕದ ಬೀದಿಯ ಗಾರೆ ಮೇಸ್ತ್ರಿ ಹತ್ತಿರ 30 ಮೀಟರಿನ ಟೇಪು ಇಸಕೊಂಡೆ. ಭಾನುವಾರ ಬೆಳಿಗ್ಗೆ ಆರೂವರೆಗೆ ನನ್ನ ಹೆಂಡತಿ ಮೇಲಿನ ಮೂಲೆ ಮನೆ ಗೇಟಿನ ಹತ್ತಿರ ಟೇಪಿನ ತುದಿ ಹಿಡಿದು ಕೂತಳು. ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬರುತ್ತಿದ್ದ ಇಬ್ಬರು ನಿಂತು ನೋಡಿದರು, ಒಬ್ಬರು ಟೇಪು ನೆಲಕ್ಕೆ ತಾಗದ ಹಾಗೆ ಮಧ್ಯೆ ಹಿಡಿದರು. ಒಂದು ಮೂವತ್ತು. ಚಾಕ್‌ಪೀಸ್ ಗುರುತು. ಇನ್ನೊಂದು ಮೂವತ್ತು. ಆಮೇಲೆ ಹತ್ತೊಂಬತ್ತು. ಅಲ್ಲಿಗೆ ಚರಂಡಿ ಮುಗಿದು ಮಣ್ಣು, ಪಾರ್ಥೇನಿಯಂ ಗಿಡ. ಮೂರು ಸಲ ಅಳೆದೆವು. ಮೂರು ಸಲವೂ 79.

ಅವತ್ತೇ ಫೋಟೋ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ ಕಳ್ಳರು ಅಂತ ಬರೆಯಬೇಕು ಅನ್ನಿಸಿತು. ಬರೆಯಲಿಲ್ಲ, ನೀವೂ ಬರೆಯಬೇಡಿ. ಕಳ್ಳ ಅಂದ ತಕ್ಷಣ ಮಾತು 33 ಮೀಟರ್ ಬಿಟ್ಟು ಮಾನದ ಕಡೆ ತಿರುಗುತ್ತದೆ, ಪಕ್ಷದ ಹುಡುಗರು ಬರುತ್ತಾರೆ, ಅಳತೆ ಯಾರಿಗೂ ನೆನಪಿರುವುದಿಲ್ಲ. ಬೀದಿಯ ನಕ್ಷೆ ಕೈಯಲ್ಲಿ ಬರೆದು, ಯಾವ ಮನೆ ಗೇಟಿನಿಂದ ಯಾವ ಕಂಬದವರೆಗೆ ಅಂತ ಗುರುತು ಹಾಕಿ, 22 ಮನೆಯವರ ಸಹಿ ಹಾಕಿಸಿ, ಎಂಬಿ ಪುಟದ ಜೊತೆ ಮುಖ್ಯಾಧಿಕಾರಿಗೆ ಕೊಟ್ಟೆವು. ಇನ್ನೊಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಕಳಿಸಿದೆವು. ಸದಸ್ಯೆ ಅಕ್ಕ ಸಭೆಯಲ್ಲಿ ಅದೇ ಪುಟ ಹಿಡಿದು ಕೇಳಿದರು. ಹದಿನೈದು ದಿನಕ್ಕೆ ಎಂಜಿನಿಯರ್ ಬಂದು ತಾವೇ ಅಳೆದರು. ಅವರೊಬ್ಬರೇ ಮೂರು ಊರಿನ ಕೆಲಸ ನೋಡುತ್ತಿದ್ದರು, ಅದನ್ನೂ ಹೇಳಬೇಕು. ಕೊನೇ ಬಿಲ್ ಇನ್ನೂ ಆಗಿರಲಿಲ್ಲ, ಹಾಗಾಗಿ ಕಂಟ್ರಾಕ್ಟರ್ ಉಳಿದ 33 ಮೀಟರ್ ಮಾಡಿಕೊಟ್ಟರು. ಬಿಲ್ ಆಗುವ ಮುಂಚೆ ಅಳೆಯುವುದು ಎಷ್ಟು ಮುಖ್ಯ ಅಂತ ಇದರಿಂದ ತಿಳಿಯಿತು. ಕಾಮಗಾರಿಯ ಬೋರ್ಡ್ ನೆಟ್ಟ ದಿನವೇ ಅರ್ಜಿ ಹಾಕಿ.

ಖಾತೆ ಬದಲಾವಣೆ, ಜನನ ಪತ್ರದಂಥ ಕೆಲಸಕ್ಕೆ ಇಷ್ಟು ಕಷ್ಟ ಬೇಡ. ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನುವ ಸರ್ಕಾರದ "ಸಕಾಲ" ಯೋಜನೆಯಲ್ಲಿ ಅರ್ಜಿ ಹಾಕಿ 15 ಅಂಕಿಯ ನಂಬರ್ ಇಟ್ಟುಕೊಳ್ಳಿ. ತಡ ಆದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು.

ಹೆಸರು, ಪ್ರತಿಮೆ, ಮರ

ಈ ಜಗಳಗಳು ಬೇಗ ಬಿಸಿ ಏರುತ್ತವೆ. 2024ರ ಡಿಸೆಂಬರ್‌ನಲ್ಲಿ ಮೈಸೂರಿನ ಕೆಆರ್‌ಎಸ್ ರಸ್ತೆಯ ಒಂದು ಭಾಗಕ್ಕೆ "ಸಿದ್ದರಾಮಯ್ಯ ಆರೋಗ್ಯ ಮಾರ್ಗ" ಅಂತ ಹೆಸರಿಡುವ ಪ್ರಸ್ತಾವ ಬಂತು. ಅದಕ್ಕೆ ಆಗಲೇ ಪ್ರಿನ್ಸೆಸ್ ರಸ್ತೆ ಅನ್ನುವ ಹೆಸರಿದೆ ಅಂತ ವಿರೋಧ ಎದ್ದಿತು. ಹೆಸರು ಯಾರದ್ದು ಅನ್ನುವುದರ ಮೇಲೆ ರಾಜ್ಯವೆಲ್ಲ ಮಾತಾಡಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಆಗ ಪಾಲಿಕೆಯಲ್ಲಿ ಆಯ್ಕೆಯಾದ ಒಬ್ಬ ಸದಸ್ಯರೂ ಇರಲಿಲ್ಲ. ರಸ್ತೆ ಹೆಸರಿನಂಥ ವಿಷಯ ಆಯ್ಕೆಯಾದವರು ಬರುವವರೆಗೆ ಕಾಯಬೇಕು, ಯಾರ ಹೆಸರೇ ಆಗಿರಲಿ.

ಆದರೆ ಅಲ್ಲಿ ಒಂದು ದಾರಿ ಇತ್ತು. ಪಾಲಿಕೆ ಪ್ರಕಟಣೆ ಕೊಟ್ಟು 30 ದಿನದೊಳಗೆ ಆಕ್ಷೇಪಣೆ ಸಲ್ಲಿಸಿ ಅಂದಿತ್ತು. ನಿಮ್ಮೂರಲ್ಲೂ ಇಂಥ ಪ್ರಕಟಣೆ ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ, ಬರವಣಿಗೆಯಲ್ಲಿ ಆಕ್ಷೇಪಣೆ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಸರ್ಕಲ್‌ನಲ್ಲಿ ಕೂಗಿದ್ದು ಫೈಲಿಗೆ ಸೇರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ ಅಗಲೀಕರಣಕ್ಕೆ ಅಂತ 40 ಮರ ಕಡಿದರು. ಬೆಳಿಗ್ಗೆ ಜನ ಸೇರುವ ಹೊತ್ತಿಗೆ ಮರ ನೆಲದ ಮೇಲಿದ್ದವು. ಆ ಫೋಟೋ ನೋಡಿದ ದಿನ ನನಗೆ ಊಟ ಸೇರಲಿಲ್ಲ. ರಸ್ತೆ ಅಗಲೀಕರಣ ಅನ್ನುವ ಪದ ನಿಮ್ಮೂರ ಅಜೆಂಡಾದಲ್ಲಿ ಕಂಡ ದಿನವೇ ಅರಣ್ಯ ಇಲಾಖೆಗೆ, ಮರ ಕಡಿಯಲು ಅನುಮತಿ ಕೇಳಿದ್ದಾರಾ ಅಂತ ಒಂದು ಅರ್ಜಿ ಹಾಕಿ.

ಬಜೆಟ್ ಸಭೆ

ಹೊಸ ವರ್ಷದ ಬಜೆಟ್ ಮಾಡುವ ಮುಂಚೆ ಚಳಿಗಾಲದ ಹೊತ್ತಿಗೆ ಪೂರ್ವಭಾವಿ ಸಭೆ ಕರೆಯುತ್ತಾರೆ, ಅದಕ್ಕೆ ಸಾರ್ವಜನಿಕರೂ ಹೋಗಬಹುದು. ನಾನು ಹೋದ ಸಭೆಯಲ್ಲಿ ಖಾಲಿ ಕುರ್ಚಿಯೇ ಜಾಸ್ತಿ ಇದ್ದವು. ಹೋಗುವಾಗ ಬಾಯಿಮಾತಿನ ಬೇಡಿಕೆ ಸಾಲದು, ಬರೆದು ತೆಗೆದುಕೊಂಡು ಹೋಗಿ. ಹಣಕಾಸು ಆಯೋಗದ ಅನುದಾನದಲ್ಲಿ ಒಂದು ಪಾಲು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ಅನುದಾನದಲ್ಲಿ ಪರಿಶಿಷ್ಟರಿಗೆ ಶೇ 24.10, ಇತರೆ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಅಂತ ಎತ್ತಿಡಬೇಕು. ಹೋದ ವರ್ಷ ಆ ದುಡ್ಡು ಯಾರಿಗೆ ತಲುಪಿತು ಅಂತ ಪಟ್ಟಿ ಕೇಳಿ. ಹೊಲಿಗೆ ಯಂತ್ರ, ಗ್ಯಾಸ್ ಸ್ಟವ್ ಹಂಚಿದ ಫೋಟೋ ತೋರಿಸಿದರೆ, ಫಲಾನುಭವಿಗಳ ಪಟ್ಟಿಯೂ ಬೇಕು ಅನ್ನಿ.

ನಮ್ಮ ಬೀದಿಯ ಚರಂಡಿ ಈಗ 112 ಮೀಟರ್ ಇದೆ. ಆದರೆ ಕೊನೇ ಮೂರು ಮನೆ ಹತ್ತಿರ ಇಳಿಜಾರು ಉಲ್ಟಾ ಕೊಟ್ಟಿದ್ದಾರೆ, ನೀರು ಇನ್ನೂ ನಿಲ್ಲುತ್ತದೆ. ಕೆಲಸ ಮುಗಿದ ಮೇಲೂ ಇಂತಿಷ್ಟು ಕಾಲ ಕಂಟ್ರಾಕ್ಟರೇ ರಿಪೇರಿ ಮಾಡಿಕೊಡಬೇಕು, ಅಲ್ಲಿವರೆಗೆ ಅವರ ಠೇವಣಿ ಕಚೇರಿಯಲ್ಲೇ ಇರುತ್ತದೆ. ಆ ಕಾಲ ಯಾವತ್ತು ಮುಗಿಯುತ್ತದೆ ಅಂತ ಕಾರ್ಯಾದೇಶದ ಪ್ರತಿಯಲ್ಲೇ ಇತ್ತು. ಮೊನ್ನೆ ಸೋಮವಾರ ಅದನ್ನು ಹಚ್ಚಿ ಇನ್ನೊಂದು ಅರ್ಜಿ ಕೊಟ್ಟು ಬಂದೆ, ಸೀಲು ಹಾಕಿಸಿಕೊಂಡಿದ್ದೇನೆ.